ಕಾಶಿಯ ಪ್ರಾತಃಕಾಲ: ಗೃಹಸ್ಥನ ಆಹ್ನಿಕದಲ್ಲಿ ಕಾಫಿಯ ಸ್ಥಾನ

|| ಶ್ರೀಃ ||

(ಶ್ರೀಮಠದ ವಾರಾಣಸೀ ಶಾಖೆಯಲ್ಲಿ ಗೃಹಸ್ಥ ಭಕ್ತರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಲಿಖಿತ ರೂಪ)

 

ಕಾಶೀಕ್ಷೇತ್ರದ ಬೆಳಗು ಲೋಕಪ್ರಸಿದ್ಧವಾದುದು. ಇಲ್ಲಿ ಗಂಗೆಯು ಉತ್ತರಾಭಿಮುಖಳಾಗಿ ಹರಿಯುತ್ತಾಳೆ. ಘಟ್ಟಗಳೆಲ್ಲ ಪಶ್ಚಿಮ ದಡದಲ್ಲಿದ್ದು ಪೂರ್ವಕ್ಕೆ ಮುಖ ಮಾಡಿವೆ. ಎದುರು ದಡ ಬಯಲಾಗಿರುವುದರಿಂದ ಸೂರ್ಯನಾರಾಯಣನ ಉದಯಕ್ಕೂ ಸ್ನಾನ ಮಾಡಿ ಅರ್ಘ್ಯ ಹಿಡಿದು ನಿಂತವನ ಕಣ್ಣಿಗೂ ನಡುವೆ ಯಾವ ಅಡ್ಡಿಯೂ ಇಲ್ಲ. ಪಂಚಗಂಗಾ ಘಟ್ಟದಲ್ಲಿ ಬಿಂದುಮಾಧವನ ಸನ್ನಿಧಾನ. ಕಾರ್ತಿಕದಲ್ಲಿ ಅಲ್ಲಿ ಆಕಾಶದೀಪಗಳು. ಶ್ರೀಮದಾಚಾರ್ಯರು ಕಾಶಿಗೆ ಬಂದುದನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಇಂತಹ ಕ್ಷೇತ್ರದಲ್ಲಿ ವಾಸಿಸುವ ಭಾಗ್ಯವನ್ನು ಪಡೆದ ಕನ್ನಡ ಮನೆಗಳಲ್ಲಿ ಬೆಳಗು ಹೇಗೆ ಆರಂಭವಾಗುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕನ್ನಡ ನಾಡಿಗೂ ಕಾಶಿಗೂ ಇರುವ ಬಾಂಧವ್ಯ ಹೊಸತಲ್ಲ. ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಆಸುಪಾಸಿನ ಗಲ್ಲಿಗಳಲ್ಲಿ ದಾಕ್ಷಿಣಾತ್ಯರ ವಸತಿ ಬಹುಕಾಲದಿಂದ ಇದೆ. ಕರ್ನಾಟಕದ ಹೆಸರನ್ನೇ ಹೊತ್ತ ಘಟ್ಟವೊಂದು ಅಲ್ಲಿಯೇ ಸಮೀಪದಲ್ಲಿದೆ. 1916ರಲ್ಲಿ ಸ್ಥಾಪಿತವಾದ ಕಾಶಿ ಹಿಂದೂ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ವೇದಾಧ್ಯಯನಕ್ಕೆ, ವಿದ್ಯಾಭ್ಯಾಸಕ್ಕೆ, ಉದ್ಯೋಗಕ್ಕೆ, ಕೊನೆಗೆ ಕಾಶೀವಾಸಕ್ಕೆಂದು ಬಂದ ಕುಟುಂಬಗಳು ತಮ್ಮೊಡನೆ ದೇವರ ಪೆಟ್ಟಿಗೆಯನ್ನು ತಂದವು, ಮಡಿಕೋಲನ್ನು ತಂದವು, ಜೊತೆಗೆ ಕಾಫಿಯ ಫಿಲ್ಟರನ್ನೂ ತಂದವು. ಊರೆಲ್ಲ ಕುಲ್ಹಡಿನಲ್ಲಿ ಚಹಾ ಕುಡಿಯುವಾಗ ಈ ಮನೆಗಳಿಂದ ಮಾತ್ರ ಡಿಕಾಕ್ಷನ್ನಿನ ಪರಿಮಳ ಬರುತ್ತದೆ.

ಇಲ್ಲಿಯೇ ಸಮಸ್ಯೆಯೂ ಇದೆ. ಐದು ಜನರ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಾವನವರಿಗೆ ಐದು ಗಂಟೆಗೆ ಕಾಫಿ. ಅತ್ತೆಯವರಿಗೆ ಐದೂವರೆಗೆ, ಸಕ್ಕರೆಯಿಲ್ಲದೆ. ಯಜಮಾನರಿಗೆ ಪತ್ರಿಕೆ ಬಂದ ಮೇಲೆ ಆರಕ್ಕೆ. ಓದುವ ಮಗನಿಗೆ ಏಳಕ್ಕೆ. ನಾಲ್ಕು ಸಲ ಹಾಲು ಕಾಯಿಸಿ, ನಾಲ್ಕು ಸಲ ಲೋಟ ತೊಳೆದ ಗೃಹಿಣಿಯು ಎಂಟು ಗಂಟೆಗೆ ತನ್ನ ಲೋಟವನ್ನು ಕೈಗೆತ್ತಿಕೊಂಡಾಗ ಅದು ಆರಿ ಹೋಗಿರುತ್ತದೆ. ತುಳಸೀಪೂಜೆ ಅವಸರದಲ್ಲಿ ಮುಗಿದಿರುತ್ತದೆ. ಯಜಮಾನರ ಸಂಧ್ಯಾವಂದನೆ ಸೂರ್ಯೋದಯವಾಗಿ ಎರಡು ಗಂಟೆಯ ಮೇಲೆ. ಎಲ್ಲರಿಗಿಂತ ಮೊದಲು ಎದ್ದವಳಿಗೆ ಹರಿಸ್ಮರಣೆಗೆ ಹತ್ತು ನಿಮಿಷವೂ ದೊರೆಯದಿದ್ದರೆ ಆ ಮನೆಯ ಬೆಳಗು ಸರಿಯಾಗಿದೆ ಎನ್ನಲಾದೀತೇ?

ಶ್ರೀಮದಾಚಾರ್ಯರ 37 ಸರ್ವಮೂಲ ಗ್ರಂಥಗಳಲ್ಲಿ ಸದಾಚಾರಸ್ಮೃತಿಯೂ ಒಂದು. ಎದ್ದ ಕ್ಷಣದಿಂದ ಮಲಗುವವರೆಗೆ ಗೃಹಸ್ಥನ ದಿನವು ಹೇಗೆ ಭಗವಂತನ ಆರಾಧನೆಯಾಗಬೇಕೆಂಬುದನ್ನು ಅದು ತಿಳಿಸುತ್ತದೆ. ಅದರಲ್ಲಿ ಕಾಫಿಯ ಪ್ರಸ್ತಾಪವಿಲ್ಲ. ಇರಲು ಸಾಧ್ಯವೂ ಇಲ್ಲ. ಆಚಾರ್ಯರ ಅವತಾರಕಾಲ 1238ರಿಂದ 1317. ಬಾಬಾ ಬುಡನ್ ಎಂಬ ಫಕೀರರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯಿರುವುದು 17ನೆಯ ಶತಮಾನಕ್ಕೆ. ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಆದುದರಿಂದ ಕನ್ನಡಿಗರ ಮನೆಯಲ್ಲಿ ಕಾಫಿ ಇರುವುದು ಆಶ್ಚರ್ಯವಲ್ಲ. ಶಾಸ್ತ್ರದಲ್ಲಿ ನೇರವಾಗಿ ಹೇಳದ ವಸ್ತುವಿನ ವಿಷಯದಲ್ಲಿ, ಅದು ಹೇಳಿದ ಕ್ರಮಕ್ಕೆ ಇದು ಎಲ್ಲಿ ಹೊಂದಿಕೊಳ್ಳುತ್ತದೆ ಎಂದು ನೋಡುವುದೇ ವಿವೇಕ. ಕಾಫಿಯನ್ನು ನಿಂದಿಸುವುದೂ ಬೇಕಿಲ್ಲ, ಅದನ್ನು ಬೆಳಗಿನ ಅಧಿದೇವತೆಯನ್ನಾಗಿ ಮಾಡುವುದೂ ಬೇಕಿಲ್ಲ. ಅದಕ್ಕೊಂದು ಸ್ಥಾನವನ್ನು ಗೊತ್ತುಪಡಿಸಿದರೆ ಸಾಕು.

ಮೊದಲನೆಯದು ಕಾಲದ ವಿಚಾರ. ಭಾರತದ ಗಡಿಯಾರವು 82½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಕಾಶಿಯಿರುವುದು ಸುಮಾರು 83 ಡಿಗ್ರಿಯಲ್ಲಿ. ಅಂದರೆ ಗಡಿಯಾರದ ಕಾಲಕ್ಕೂ ಸ್ಥಳೀಯ ಕಾಲಕ್ಕೂ ಇಲ್ಲಿ ಎರಡು ನಿಮಿಷದಷ್ಟು ಮಾತ್ರ ಅಂತರ. ಆದರೆ ಕಾಶಿಯು ಕರ್ನಾಟಕಕ್ಕಿಂತ ಬಹಳ ಉತ್ತರದಲ್ಲಿರುವುದರಿಂದ ಋತುಭೇದ ಹೆಚ್ಚು. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯೋದಯ ಸುಮಾರು 5 ಗಂಟೆ 10 ನಿಮಿಷಕ್ಕೆ. ಜನವರಿಯ ಆರಂಭದಲ್ಲಿ ಸುಮಾರು 6 ಗಂಟೆ 45 ನಿಮಿಷಕ್ಕೆ. ಬೆಂಗಳೂರಿನಲ್ಲಿ ವರ್ಷವಿಡೀ ಈ ವ್ಯತ್ಯಾಸ ಒಂದು ಗಂಟೆಯನ್ನೂ ಮುಟ್ಟುವುದಿಲ್ಲ. ಬ್ರಾಹ್ಮೀಮುಹೂರ್ತವು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗುವುದರಿಂದ, ಅದು ಇಲ್ಲಿ ಬೇಸಗೆಯಲ್ಲಿ ಮೂರೂವರೆಗೆ, ಚಳಿಗಾಲದಲ್ಲಿ ಐದು ಗಂಟೆ ಕಳೆದ ಮೇಲೆ. ಊರಿನಲ್ಲಿ ವರ್ಷವೆಲ್ಲ ಒಂದೇ ಗಂಟೆಗೆ ಎದ್ದು ರೂಢಿಯಾದವರು ಕಾಶಿಗೆ ಬಂದು ಕ್ರಮ ತಪ್ಪುವುದಕ್ಕೆ ಇದೊಂದು ಕಾರಣ. ಇಲ್ಲಿ ಪಂಚಾಂಗದ ಸೂರ್ಯೋದಯವನ್ನು ನೋಡಿ ಎರಡು ವಾರಕ್ಕೊಮ್ಮೆ ಏಳುವ ಹೊತ್ತನ್ನು ಸರಿಪಡಿಸಿಕೊಳ್ಳಬೇಕು.

ಹಾಗೆ ಏಳಬೇಕಾದರೆ ಹಿಂದಿನ ರಾತ್ರಿ ನಿದ್ರೆ ಬರಬೇಕು. ಕಾಫಿಯಲ್ಲಿರುವ ಕೆಫೀನ್ ಎಂಬ ಅಂಶವು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಗಳು ಹಿಡಿಯುತ್ತವೆ. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧಾಂಶ ರಾತ್ರಿ ಹತ್ತಕ್ಕೂ ಎಚ್ಚರವಾಗಿರುತ್ತದೆ. ನಿದ್ರೆ ಕೆಟ್ಟವನು ಬೆಳಿಗ್ಗೆ ತಡವಾಗಿ ಎದ್ದು, ಆ ಜಡತೆಯನ್ನು ಕಳೆಯಲು ಎರಡು ಲೋಟ ಕಾಫಿ ಕುಡಿದು, ಸಂಜೆ ಮತ್ತೊಂದನ್ನು ಬಯಸುತ್ತಾನೆ. ಆದುದರಿಂದ ಪ್ರಾತಃಕಾಲದ ಸುಧಾರಣೆ ಆರಂಭವಾಗುವುದು ಹಿಂದಿನ ದಿನದ ಸಾಯಂಕಾಲದಲ್ಲಿ. ಮಧ್ಯಾಹ್ನದ ಬಳಿಕ ಕಾಫಿಯನ್ನು ನಿಲ್ಲಿಸಿದರೆ ಬ್ರಾಹ್ಮೀಮುಹೂರ್ತವು ತಾನಾಗಿಯೇ ಸುಲಭವಾಗುತ್ತದೆ.

ಎರಡನೆಯದು ಕ್ರಮದ ವಿಚಾರ. ಕಾಫಿ ಕುಡಿಯದೆ ಜಪಕ್ಕೆ ಮನಸ್ಸು ನಿಲ್ಲುವುದಿಲ್ಲ ಎಂದು ಹಲವರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಬಹುಮಟ್ಟಿಗೆ ಅಭ್ಯಾಸದ ಫಲ. ರಾತ್ರಿಯಿಡೀ ಕಾಫಿಯಿಲ್ಲದ ದೇಹವು ಬೇಡುವುದನ್ನು ಕೊಟ್ಟಾಗ ಸಮಾಧಾನವಾಗುತ್ತದೆ, ಅಷ್ಟೇ. ಅಭ್ಯಾಸವು ಕಟ್ಟಿದುದನ್ನು ಅಭ್ಯಾಸವೇ ಬಿಚ್ಚಬಲ್ಲುದು. ಇದಕ್ಕೆ ಅನೇಕ ಮನೆಗಳಿಗೆ ಒಗ್ಗುವ ಒಂದು ಸರಳ ಉಪಾಯವಿದೆ. ರಾತ್ರಿಯೇ ಫಿಲ್ಟರನ್ನು ತೊಳೆದು ಒರಸಿ, ಪುಡಿಯನ್ನು ತುಂಬಿಡಬೇಕು. ಹಿಂದಿನ ದಿನವೇ ಇಳಿಸಿಟ್ಟ ಡಿಕಾಕ್ಷನ್ ಬೇಡವೆನ್ನುವ ಹಿರಿಯರ ಆಕ್ಷೇಪಕ್ಕೂ ಇಲ್ಲಿ ಎಡೆಯಿಲ್ಲ. ಬೆಳಿಗ್ಗೆ ಎದ್ದು ಹರಿಸ್ಮರಣೆ ಮಾಡಿದ ಬಳಿಕ, ಮಡಿಯ ಒಲೆಗೆ ಸಂಬಂಧಿಸದಂತೆ ಬೇರೆಯಾಗಿ ನೀರು ಕಾಯಿಸಿ ಫಿಲ್ಟರಿಗೆ ಸುರಿದು ಮುಚ್ಚಿ, ಸ್ನಾನಕ್ಕೆ ಹೋಗಬೇಕು. ಸ್ನಾನ, ನಾಮಮುದ್ರಾಧಾರಣೆ, ಸಂಧ್ಯಾವಂದನೆ, ಜಪಗಳು ಮುಗಿಯುವಷ್ಟರಲ್ಲಿ ಡಿಕಾಕ್ಷನ್ ಹನಿಹನಿಯಾಗಿ ಇಳಿದಿರುತ್ತದೆ. ದೇವರಿಗೆ ಹಾಲನ್ನು ನಿವೇದಿಸಿ, ಅದೇ ಹಾಲಿನಿಂದ ಕಾಫಿ ಬೆರೆಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಕಾಫಿಗಾಗಿ ಯಾರೂ ಕಾಯಬೇಕಿಲ್ಲ. ಅದೇ ಎಲ್ಲರಿಗಾಗಿ ಕಾದಿರುತ್ತದೆ.

ಮೂರನೆಯದು ಒಂದೇ ಬಾರಿಯ ನಿಯಮ. ಮನೆಯವರೆಲ್ಲ ಒಂದೇ ಹೊತ್ತಿನಲ್ಲಿ ಕುಳಿತು ಕುಡಿಯಬೇಕು. ಬೆರೆಸಿದವರೂ ಜೊತೆಯಲ್ಲಿ ಕುಳಿತುಕೊಳ್ಳಬೇಕು. ಈ ನಿಯಮದಿಂದ ಗೃಹಿಣಿಗೆ ದಿನಕ್ಕೆ ಒಂದು ಗಂಟೆಯಷ್ಟು ಕಾಲ ಮರಳಿ ದೊರೆಯಬಹುದು. ಆ ಹೊತ್ತಿನಲ್ಲಿ ಹಾಡು ಹೇಳಿಕೊಳ್ಳುವುದೋ ಗಂಗಾಸ್ನಾನಕ್ಕೆ ಹೋಗಿ ಬರುವುದೋ ಆಕೆಯ ಇಷ್ಟ. ಫಿಲ್ಟರಿಗೆ ಪುಡಿ ತುಂಬುವುದು, ಲೋಟ ತೊಳೆಯುವುದು ಗಂಡಸರಿಗೆ ನಿಷಿದ್ಧವೆಂದು ಯಾವ ಸ್ಮೃತಿಯೂ ಹೇಳಿಲ್ಲ.

ಇದಕ್ಕೆ ಅಪವಾದಗಳೂ ಉಂಟು. ಬಾಲರು, ವೃದ್ಧರು, ರೋಗಿಗಳ ವಿಷಯದಲ್ಲಿ ಶಾಸ್ತ್ರವು ಕರುಣೆಯಿಂದಲೇ ನಡೆದುಕೊಳ್ಳುತ್ತದೆ. ಎಂಬತ್ತು ವರ್ಷದ ಹಿರಿಯರಿಗೆ ಪೌಷಮಾಸದ ಮಂಜಿನಲ್ಲಿ ಬಿಸಿಯಾದುದೇನಾದರೂ ಬೇಕೆನಿಸಿದರೆ ಮೊದಲು ಅವರಿಗೆ ಕೊಡುವುದೇ ಧರ್ಮ. ಆದರೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆಯ ನಂತರವೇ ಕಾಫಿ ಕುಡಿಯಬೇಕು; ಇಲ್ಲವಾದರೆ ಔಷಧವು ದೇಹಕ್ಕೆ ಸರಿಯಾಗಿ ಸೇರದು. ಕಬ್ಬಿಣದ ಅಂಶ ಕಡಿಮೆಯಿರುವವರು ಊಟದೊಡನೆ ಕಾಫಿ ಕುಡಿಯಬಾರದು. ಆರೋಗ್ಯವಂತರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ಮಿತಿಯೆಂದು ವೈದ್ಯಶಾಸ್ತ್ರವು ಹೇಳುತ್ತದೆ.

ನಾಲ್ಕನೆಯದು ವ್ರತದಿನಗಳು. ಏಕಾದಶಿಯಂದು ಮಧ್ಯಾಹ್ನವಾಗುತ್ತಲೇ ತಲೆನೋವು ಬಂದು, ಉಪವಾಸವು ತಮಗೆ ಒಗ್ಗುವುದಿಲ್ಲವೆಂದು ವ್ರತವನ್ನೇ ಬಿಟ್ಟವರಿದ್ದಾರೆ. ನಿತ್ಯ ಕಾಫಿ ಕುಡಿಯುವವರಲ್ಲಿ ಅದನ್ನು ನಿಲ್ಲಿಸಿದ 12ರಿಂದ 24 ಗಂಟೆಗಳಲ್ಲಿ ತಲೆನೋವು ಆರಂಭವಾಗುವುದು ಸಾಮಾನ್ಯ. ಎಷ್ಟೋ ಸಂದರ್ಭಗಳಲ್ಲಿ ಅಪರಾಧ ಉಪವಾಸದ್ದಲ್ಲ, ಕಾಫಿಯದು. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಕೆಲವು ವಾರಗಳಲ್ಲಿ ನಿಧಾನವಾಗಿ ಒಂದಕ್ಕೆ ಇಳಿಸಿಕೊಂಡರೆ ಏಕಾದಶಿಯೂ ಹಗುರವಾಗುತ್ತದೆ. ದ್ವಾದಶಿಯ ಪಾರಣೆಗೆ ಮುಂಚೆಯೇ ಕೈ ಲೋಟದ ಕಡೆಗೆ ಹೋಗುವುದೂ ತಪ್ಪುತ್ತದೆ. ಸಕ್ಕರೆಕಾಯಿಲೆ ಮುಂತಾದವು ಇರುವವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು.

ಚಾತುರ್ಮಾಸ್ಯದ ಮೂರನೆಯ ತಿಂಗಳಲ್ಲಿ ಕ್ಷೀರವ್ರತ. ಆಗ ಹಾಲು ವರ್ಜ್ಯವಾದುದರಿಂದ ಕಾಫಿಯ ಗತಿಯೇನೆಂಬ ಪ್ರಶ್ನೆ ಪ್ರತಿ ವರ್ಷವೂ ಪ್ರತಿ ಮಾಧ್ವಗೃಹದಲ್ಲೂ ಏಳುತ್ತದೆ. ಕೆಲವರು ಹಾಲಿಲ್ಲದೆ ಕುಡಿಯುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ, ಕೆಲವರು ಶುಂಠಿ ಕೊತ್ತಂಬರಿಬೀಜದ ಕಷಾಯಕ್ಕೆ ಇಳಿಯುತ್ತಾರೆ. ಮೊದಲ ವಾರ ಗೊಣಗಿದ ನಾಲಗೆ ತಿಂಗಳ ಕೊನೆಗೆ ಸುಮ್ಮನಾಗುತ್ತದೆ. ಒಂದು ತಿಂಗಳು ಬಿಟ್ಟು ಇರಬಲ್ಲವನಿಗೆ ಪ್ರತಿದಿನ ಒಂದು ಗಂಟೆ ತಡೆದಿರುವುದು ಅಸಾಧ್ಯವೇ? ವ್ರತವು ಕಲಿಸುವ ಪಾಠ ಇದೇ. ವ್ರತ ಮುಗಿದ ಮರುದಿನದ ಕಾಫಿಯಷ್ಟು ರುಚಿಯಾದ ಕಾಫಿ ವರ್ಷದಲ್ಲಿ ಮತ್ತೊಂದಿಲ್ಲವೆಂಬುದನ್ನು ಅನುಭವಿಗಳು ಬಲ್ಲರು.

ಕೊನೆಯದಾಗಿ, ಕುಡಿಯುವುದಾದರೆ ಒಳ್ಳೆಯ ಕಾಫಿಯನ್ನೇ ಕುಡಿಯಬೇಕು. ಒಂದು ಲೋಟ ಸೊಗಸಾಗಿದ್ದರೆ ಮೂರು ಲೋಟದ ಆಸೆ ಉಳಿಯುವುದಿಲ್ಲ. ಮೈಸೂರು–ವಾರಾಣಸಿ ರೈಲಿನಲ್ಲಿ ಊರಿನಿಂದ ಬರುವವರು ಆರು ತಿಂಗಳಿಗಾಗುವಷ್ಟು ಪುಡಿಯನ್ನು ತರುವುದುಂಟು. ಆದರೆ ಪುಡಿಯ ಪರಿಮಳ ತೆರೆದ ಎರಡು ಮೂರು ವಾರಗಳಲ್ಲಿ ಇಳಿಮುಖವಾಗುತ್ತದೆ. ಸಣ್ಣ ಪೊಟ್ಟಣಗಳಲ್ಲಿ ತಂದು ಒಂದೊಂದನ್ನೇ ಒಡೆದು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ಶೇಕಡಾ 51ಕ್ಕೆ ಕಡಿಮೆಯಿರಬಾರದೆಂಬುದು ನಿಯಮ. ಪೊಟ್ಟಣದ ಮೇಲೆ ಓದಿ ಕೊಳ್ಳಬೇಕು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಬಣ್ಣ ಮತ್ತು ಗಾಢತೆಗಾಗಿ ಸ್ವಲ್ಪ ಸಾಕು. ಕಾಶಿಯ ಚಳಿಗಾಲದಲ್ಲಿ ಲೋಹದ ಫಿಲ್ಟರು ಮಂಜಿನಂತೆ ತಣ್ಣಗಿರುವುದರಿಂದ ಸುರಿದ ನೀರು ಕೂಡಲೇ ಆರಿ ಡಿಕಾಕ್ಷನ್ ತೆಳುವಾಗುತ್ತದೆ. ಆದುದರಿಂದ ಆ ದಿನಗಳಲ್ಲಿ ಫಿಲ್ಟರಿನ ಕೆಳಗಿನ ಪಾತ್ರೆಯನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿಕೊಂಡು, ನೀರು ಸುರಿದ ಮೇಲೆ ದಪ್ಪ ಬಟ್ಟೆ ಸುತ್ತಿಡಬೇಕು. ಇಲ್ಲಿ ಹೇರಳವಾಗಿ ದೊರೆಯುವ ಎಮ್ಮೆಯ ಹಾಲು ಹಸುವಿನ ಹಾಲಿಗಿಂತ ಗಟ್ಟಿ. ಊರಿನ ಅಳತೆಯಲ್ಲೇ ಬೆರೆಸಿದರೆ ಕಾಫಿಯ ರುಚಿ ಅಡಗಿಹೋಗುತ್ತದೆ. ಸ್ವಲ್ಪ ನೀರು ಸೇರಿಸಿ ಕಾಯಿಸಬೇಕು, ಅಥವಾ ಡಿಕಾಕ್ಷನ್ನನ್ನು ಗಟ್ಟಿಯಾಗಿ ಇಳಿಸಬೇಕು.

ಹೀಗೆ ಸಿದ್ಧವಾದ ಕಾಫಿಯನ್ನು ನಿಂತುಕೊಂಡು, ಪತ್ರಿಕೆಯಲ್ಲಿ ಕಣ್ಣಿಟ್ಟು, ಮೊಬೈಲಿನಲ್ಲಿ ಬೆರಳಿಟ್ಟು ಕುಡಿಯಬಾರದು. ಕುಳಿತು, ಎದುರಿಗಿರುವವರ ಮುಖ ನೋಡುತ್ತ, ಆ ದಿನದ ತಿಥಿ ಯಾವುದು, ಯಾರಿಗೆ ಯಾವ ಕೆಲಸವಿದೆ ಎಂದು ಮಾತನಾಡುತ್ತ ಕುಡಿಯಬೇಕು. ಗಂಗಾತೀರದಿಂದ ದೂರದ ಬಡಾವಣೆಯಲ್ಲಿ ಮನೆಮಾಡಿದವರಿಗೂ, ಮಳೆಗಾಲದಲ್ಲಿ ಗಂಗೆಯೇರಿ ಘಟ್ಟಗಳು ಮುಳುಗಿ ಮನೆಯಲ್ಲೇ ಸ್ನಾನ ಮಾಡಬೇಕಾದವರಿಗೂ ಈ ಕ್ರಮ ಸಾಧ್ಯ. ಕಾಫಿಯ ಸುಖವು ಭಗವಂತನು ಕೊಟ್ಟ ಅನೇಕ ಸಣ್ಣ ಸುಖಗಳಲ್ಲಿ ಒಂದು. ಅದು ಕರ್ತವ್ಯಕ್ಕೆ ಮುಂಚೆ ಬಂದರೆ ಯಜಮಾನನಾಗುತ್ತದೆ. ಕರ್ತವ್ಯದ ಅನಂತರ ಬಂದರೆ ಪ್ರಸಾದದಂತೆ ಒದಗುತ್ತದೆ. ನಾಳಿನ ಬೆಳಗಿನಿಂದಲೇ ಪ್ರತಿಯೊಂದು ಮನೆಯಲ್ಲೂ ಮೊದಲ ನೆನಪು ಹರಿಯದಾಗಲಿ, ಮೊದಲ ಅರ್ಘ್ಯ ಸೂರ್ಯಾಂತರ್ಗತ ನಾರಾಯಣನಿಗೆ ಸಲ್ಲಲಿ, ಆಮೇಲಿನ ಬಿಸಿ ಲೋಟ ಎಲ್ಲರ ಕೈಗೂ ಒಂದೇ ಹೊತ್ತಿನಲ್ಲಿ ಬರಲಿ.

|| ಶ್ರೀಕೃಷ್ಣಾರ್ಪಣಮಸ್ತು ||