ಆಡಿದವರ ಮಾತು ಆಡಿದವರಲ್ಲೇ ಇರಲಿ



ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಿಕ್ಕ ಚಲನಚಿತ್ರಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಲಾಯಿತು. ಪ್ರಶ್ನೆಯಲ್ಲಿ ಬದಲಾದದ್ದು ಒಂದೇ ಕ್ರಿಯಾಪದ. ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರ ಅಂದಾಜಿನ ಸರಾಸರಿ ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು, ‘ತಾಗಿದಾಗ’ ಎಂದು ಕೇಳಿಸಿಕೊಂಡವರದು 31.8 ಮೈಲಿ. ಇನ್ನೊಂದು ಪ್ರಯೋಗದಲ್ಲಿ, ವಾರ ಕಳೆದ ಮೇಲೆ, ಒಡೆದ ಗಾಜು ಕಂಡಿತ್ತೇ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜಿನ ಚೂರೇ ಇರಲಿಲ್ಲ. ಆದರೂ ‘ಅಪ್ಪಳಿಸಿದಾಗ’ ಎಂಬ ಪ್ರಶ್ನೆ ಎದುರಿಸಿದ್ದ 50 ಮಂದಿಯಲ್ಲಿ 16 ಮಂದಿ ‘ಹೌದು, ಕಂಡಿತ್ತು’ ಎಂದರು.

ಪ್ರಶ್ನೆಯ ಪದವೇ ಉತ್ತರವನ್ನು ತಿರುಗಿಸಿಬಿಡುವ ಈ ಅಪಾಯ ನ್ಯಾಯಾಲಯಗಳಿಗೆ ಮೊದಲಿನಿಂದಲೂ ಗೊತ್ತಿತ್ತು. 1872ರ ಭಾರತೀಯ ಸಾಕ್ಷ್ಯ ಕಾಯಿದೆಯ ಪ್ರಕಾರ, ಎದುರು ಪಕ್ಷ ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿಯಿಲ್ಲದೆ ಮುಖ್ಯ ವಿಚಾರಣೆಯಲ್ಲಿ ಸೂಚಕ ಪ್ರಶ್ನೆ, ಅಂದರೆ ಬೇಕಾದ ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆ, ಕೇಳುವಂತಿರಲಿಲ್ಲ. ಪಾಟೀ ಸವಾಲಿನಲ್ಲಿ ಅದಕ್ಕೆ ಅವಕಾಶವಿತ್ತು. ಈಗ ಆ ಕಾಯಿದೆಯ ಜಾಗಕ್ಕೆ ಬಂದಿರುವ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಆದರೆ ಪ್ರಶ್ನೆಗಳ ಮೂಲಕ ಒಬ್ಬರ ಯೋಚನೆಗೆ ನೆರವಾಗುವ ಕೋಚಿಂಗ್ ಕೊಠಡಿಯಲ್ಲಿ, ತಂಡದ ಸಭೆಯಲ್ಲಿ ಆಕ್ಷೇಪ ಎತ್ತಲು ವಕೀಲರಿರುವುದಿಲ್ಲ. ‘ನಿಮಗೆ ಆತ್ಮವಿಶ್ವಾಸ ಕಡಿಮೆ ಆಗಿದೆ ಅನಿಸುತ್ತಾ?’ ಎಂದು ಕೋಚ್ ಕೇಳಿದ ಗಳಿಗೆಯಿಂದ ಎದುರಿನವರ ಕಷ್ಟಕ್ಕೆ ಆತ್ಮವಿಶ್ವಾಸ ಎಂಬ ಹೆಸರು ಅಂಟುತ್ತದೆ. ಅವರು ಹೌದೆನ್ನಲಿ, ಅಲ್ಲವೆನ್ನಲಿ, ಮುಂದಿನ ಅರ್ಧ ಗಂಟೆ ಮಾತು ಅದರ ಸುತ್ತಲೇ.

ನ್ಯೂಜಿಲೆಂಡಿನ ಡೇವಿಡ್ ಗ್ರೋವ್ ಎಂಬ ಮನೋಚಿಕಿತ್ಸಕ 1980ರ ದಶಕದಲ್ಲಿ ಕೈಹಾಕಿದ್ದು ಇದೇ ತೊಡಕಿಗೆ. ಆಘಾತದ ನೆನಪುಗಳಿಂದ ನರಳುವವರೊಡನೆ ಅವರ ಕೆಲಸ. ಹೆಸರಾಂತ ಚಿಕಿತ್ಸಕರು ಕೂಡ ಎದುರಿನವರ ಮಾತನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವಾಗ ಅದನ್ನು ಸದ್ದಿಲ್ಲದೆ ಬದಲಿಸಿಬಿಡುತ್ತಾರೆ ಎಂಬುದನ್ನು ಅವರು ಗಮನಿಸಿದರು. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ, ಪಾಲಿಸಲು ಮಾತ್ರ ಬಹಳ ಕಷ್ಟ: ಎದುರಿನವರ ಪದವನ್ನು ಇದ್ದ ಹಾಗೇ ಹಿಡಿದು, ತಮ್ಮದೇನನ್ನೂ ಸೇರಿಸದ ಪ್ರಶ್ನೆ ಕೇಳುವುದು. ಅದು ಎಂಥದ್ದು? ಅದರ ಬಗ್ಗೆ ಇನ್ನೇನಾದರೂ ಇದೆಯೇ? ಅದು ಎಲ್ಲಿದೆ? ಅದು ಯಾವುದರ ಹಾಗಿದೆ? ಆಮೇಲೆ ಏನಾಗುತ್ತದೆ? ಅದಕ್ಕೆ ಸ್ವಲ್ಪ ಮುಂಚೆ? ಇಂಥ ಹತ್ತಾರು ಪ್ರಶ್ನೆಗಳ ಪದ್ಧತಿಗೆ ಕ್ಲೀನ್ ಲ್ಯಾಂಗ್ವೇಜ್ ಎಂಬ ಹೆಸರು ನಿಂತಿತು. ಬ್ರಿಟನ್ನಿನ ಪೆನ್ನಿ ಟಾಂಪ್ಕಿನ್ಸ್ ಮತ್ತು ಜೇಮ್ಸ್ ಲಾಲಿ ಗ್ರೋವ್ ಅವರ ಕೆಲಸವನ್ನು ಹತ್ತಿರದಿಂದ ಅಭ್ಯಾಸ ಮಾಡಿ 2000ದಲ್ಲಿ ಪುಸ್ತಕ ಬರೆದರು. ಚಿಕಿತ್ಸೆಯ ಕೊಠಡಿಯಲ್ಲಿ ಹುಟ್ಟಿದ ಪದ್ಧತಿ ಮುಂದೆ ಕಚೇರಿ, ತರಗತಿ, ಸಂಶೋಧನಾ ಸಂದರ್ಶನಗಳಿಗೂ ಹರಡಿತು. ಗ್ರೋವ್ 2008ರಲ್ಲಿ ತೀರಿಕೊಂಡರು.

ರೂಪಕ ಈ ಪದ್ಧತಿಯ ನಡುಮನೆಯಲ್ಲೇ ಇದೆ. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ವಾದಿಸಿದಂತೆ, ರೂಪಕವೆಂದರೆ ಕವಿಗಳ ಆಭರಣವಲ್ಲ, ದಿನನಿತ್ಯದ ಯೋಚನೆಯೇ ಅದರ ಮೇಲೆ ನಡೆಯುತ್ತದೆ. ಎದೆ ಭಾರ ಎನ್ನುವವರು, ಕೈ ಕಟ್ಟಿಹಾಕಿದ ಹಾಗಿದೆ ಎನ್ನುವವರು, ತಲೆಯ ಮೇಲೆ ಕತ್ತಿ ತೂಗುತ್ತಿದೆ ಎನ್ನುವವರು ತಮ್ಮ ಸ್ಥಿತಿಯ ನಕ್ಷೆಯನ್ನೇ ಬಿಚ್ಚಿಡುತ್ತಿರುತ್ತಾರೆ. ಕೇಳುವವರು ಅದನ್ನು ಬರೀ ನುಡಿಗಟ್ಟು ಎಂದು ದಾಟಿ ಹೋಗುತ್ತಾರೆ. ಪಾಲ್ ತಿಬೊಡೋ ಮತ್ತು ಲೆರಾ ಬೊರೊಡಿಟ್ಸ್ಕಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲ್ಪಿತ ನಗರವೊಂದರ ಅಪರಾಧವನ್ನು ಕೆಲವರಿಗೆ ಕಾಡುಮೃಗವೆಂದೂ ಕೆಲವರಿಗೆ ವೈರಾಣುವೆಂದೂ ಬಣ್ಣಿಸಲಾಯಿತು. ಮೃಗವೆಂದು ಓದಿದವರು ಹಿಡಿದು ಶಿಕ್ಷಿಸುವ ಕಡೆ ಹೆಚ್ಚು ವಾಲಿದರು. ವೈರಾಣುವೆಂದು ಓದಿದವರಲ್ಲಿ ಕಾರಣ ಹುಡುಕಿ ಸಮಾಜವನ್ನು ಸುಧಾರಿಸಬೇಕು ಎಂಬ ಒಲವು ಹೆಚ್ಚಿತ್ತು. ತಮ್ಮ ನಿಲುವಿಗೆ ಕಾರಣವೇನೆಂದು ಕೇಳಿದಾಗ ಬಹುಪಾಲು ಮಂದಿ ಬೊಟ್ಟು ಮಾಡಿದ್ದು ಅಂಕಿಅಂಶಗಳತ್ತ. ಪರರು ಕೊಟ್ಟ ರೂಪಕ ಇಷ್ಟು ಕೆಲಸ ಮಾಡುವುದಾದರೆ, ಕೋಚ್ ತನ್ನ ಕಡೆಯಿಂದ ರೂಪಕವೊಂದನ್ನು ದಾನ ಮಾಡುವ ಮುನ್ನ ನೂರು ಸಲ ಯೋಚಿಸಬೇಕು.

ಪದ್ಧತಿ ಮಾತಿನಲ್ಲಿ ಹೇಗೆ ನಡೆಯುತ್ತದೆಂದು ತೋರಿಸಲು ಒಂದು ಕಲ್ಪಿತ ಸಂಭಾಷಣೆ. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಹೇಳುತ್ತಾರೆ: ‘ಎಲ್ಲರ ಜೊತೆಗೇ ಇರ್ತೀನಿ, ಆದರೂ ಗೋಡೆ ಹಿಂದೆ ಇದ್ದ ಹಾಗನಿಸುತ್ತೆ.’ ಉತ್ಸಾಹಿ ಕೋಚ್ ತಕ್ಷಣ ಕೇಳಿಬಿಡುತ್ತಾರೆ: ‘ಆ ಗೋಡೆ ಒಡೆಯೋಕೆ ಏನು ಮಾಡಬಹುದು ಮೇಡಂ?’ ಗೋಡೆ ಅಂದರೆ ಅಡ್ಡಿ, ಅಡ್ಡಿ ಅಂದರೆ ಒಡೆಯಬೇಕಾದದ್ದು ಎಂಬ ತೀರ್ಮಾನ ಪ್ರಶ್ನೆಯೊಳಗೇ ಸೇರಿಹೋಯಿತು. ಬದಲಿಗೆ, ‘ಆ ಗೋಡೆ ಎಂಥ ಗೋಡೆ?’ ಎಂದಷ್ಟೇ ಕೇಳಿದರೆ? ‘ಮಣ್ಣಿಂದು. ನೆಂದುಬಿಟ್ಟಿದೆ.’ ‘ನೆಂದಿರೋ ಆ ಮಣ್ಣಿನ ಗೋಡೆ ಬಗ್ಗೆ ಇನ್ನೇನಾದರೂ ಇದೆಯಾ?’ ‘ನಾನೇ ಒತ್ತಿ ಹಿಡಕೊಂಡಿದೀನಿ. ಬಿಟ್ಟರೆ ಬೀಳುತ್ತೆ.’ ‘ಒತ್ತಿ ಹಿಡಕೊಂಡಿದೀರಿ, ಬಿಟ್ಟರೆ ಬೀಳುತ್ತೆ. ಈಗ ಏನಾದರೆ ಚೆನ್ನ ಅನಿಸುತ್ತೆ ನಿಮಗೆ?’ ‘ಇನ್ನೊಬ್ಬರು ಯಾರಾದರೂ ಬಂದು ಕೈ ಜೋಡಿಸಬೇಕು.’ ಒಡೆಯುವ ಮಾತೇ ಇಲ್ಲಿಲ್ಲ. ಗೋಡೆ ನಿಲ್ಲಬೇಕಾಗಿದೆ. ಮೊದಲ ಕೋಚ್ ಒಳ್ಳೆಯ ಮನಸ್ಸಿನಿಂದಲೇ ಆಕೆಯನ್ನು ಆಕೆಯ ಅಗತ್ಯದ ವಿರುದ್ಧ ದಿಕ್ಕಿಗೆ ತಳ್ಳುತ್ತಿದ್ದರು.

ಬುದ್ಧಿ ಹೇಳುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ದೊಡ್ಡವರು ಹೇಳದೆ ಸುಮ್ಮನಿದ್ದರೆ ಉದಾಸೀನ ಮಾಡಿದರು ಎಂದು ನೊಂದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಇಲ್ಲಿ ತಟಸ್ಥ ಪ್ರಶ್ನೆ ಕೇಳುವವರ ಮುಂದೆ ಹೆಚ್ಚುವರಿ ಹೊಣೆಯಿದೆ: ಈ ಸುಮ್ಮನಿರುವಿಕೆ ತಣ್ಣನೆಯದಲ್ಲ, ಪೂರ್ತಿ ಗಮನದ್ದು ಎಂಬುದು ದನಿಯಲ್ಲಿ, ಮುಖದಲ್ಲಿ ಗೊತ್ತಾಗಬೇಕು.

ಗುಂಪಿನಲ್ಲಿ ಇದು ಇನ್ನೂ ಸೂಕ್ಷ್ಮ. ಕೇಟ್ಲಿನ್ ವಾಕರ್ ಈ ಪ್ರಶ್ನೆಗಳನ್ನು ಹದಿಹರೆಯದವರ ಗುಂಪುಗಳಿಗೆ, ಸಂಸ್ಥೆಗಳಿಗೆ ಒಯ್ದವರು. 2014ರಲ್ಲಿ ಆ ಅನುಭವವನ್ನು ಪುಸ್ತಕವಾಗಿಸಿದರು. ಚೆನ್ನಾಗಿ ಕಲಿಯುವಾಗ ನೀವು ಯಾವುದರ ಹಾಗಿರುತ್ತೀರಿ ಎಂದು ಪ್ರತಿಯೊಬ್ಬರನ್ನೂ ಕೇಳುವುದು ಅಲ್ಲಿನ ಒಂದು ಅಭ್ಯಾಸ. ಒಬ್ಬರು ಸ್ಪಂಜಿನ ಹಾಗೆ ಎನ್ನಬಹುದು, ಇನ್ನೊಬ್ಬರು ಬೇಟೆನಾಯಿಯ ಹಾಗೆ. ಎರಡನ್ನೂ ಕೇಳಿಸಿಕೊಂಡ ತಂಡಕ್ಕೆ, ಸಭೆಯಲ್ಲಿ ಒಬ್ಬರೇಕೆ ಮಾತಿಲ್ಲದೆ ಕೂರುತ್ತಾರೆ, ಮತ್ತೊಬ್ಬರೇಕೆ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುತ್ತಾರೆ ಎಂಬುದಕ್ಕೆ ‘ಸೋಮಾರಿ’, ‘ತಲೆಹರಟೆ’ ಎಂಬ ಹಣೆಪಟ್ಟಿ ಬೇಕಾಗುವುದಿಲ್ಲ.

ಎದುರಿನವರ ಮಾತನ್ನು ಅವರಿಗೇ ಬಿಡುವ ಈ ಮನೋಧರ್ಮ ಕರ್ನಾಟಕಕ್ಕೆ ಹೊಸದೇನಲ್ಲ. 1980ರ ದಶಕದ ಕೊನೆಯಿಂದ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆಯನ್ನು ಇಲ್ಲಿನ ಹಳ್ಳಿಗಳಲ್ಲಿ ಬೆಳೆಸಿದವು. ಅಲ್ಲಿ ಅಧಿಕಾರಿ ಪ್ರಶ್ನಾವಳಿ ಹಿಡಿದು ನಿಲ್ಲುವುದಿಲ್ಲ; ಊರಿನವರೇ ರಂಗೋಲಿ ಪುಡಿ, ಕಲ್ಲು, ಕಡ್ಡಿ ಬಳಸಿ ನೆಲದ ಮೇಲೆ ತಮ್ಮೂರಿನ ನಕ್ಷೆ ಬಿಡಿಸುತ್ತಾರೆ. ಯಾವುದು ಮುಖ್ಯ, ಯಾವುದು ಅಲ್ಲ ಎಂಬ ವಿಂಗಡಣೆ ಅವರದೇ. ಹೊರಗಿನಿಂದ ಬಂದವರು ಕಡ್ಡಿಯನ್ನು ಊರಿನವರ ಕೈಗೆ ಬಿಟ್ಟುಕೊಡುವುದನ್ನು ಕಲಿಯಬೇಕಾಗಿತ್ತು.

ಕ್ಲೀನ್ ಲ್ಯಾಂಗ್ವೇಜ್ ಪದ್ಧತಿಯನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವುದು ತಪ್ಪಾಗುತ್ತದೆ. ಇದನ್ನು ದೊಡ್ಡ ಪ್ರಮಾಣದಲ್ಲಿ, ನಿಯಂತ್ರಿತವಾಗಿ ಪರೀಕ್ಷಿಸಿದ ಅಧ್ಯಯನಗಳು ವಿರಳ. ಪಾಲ್ ಟೋಸಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಲೇಖನದಂಥ ಕೆಲಸಗಳು ಸಂಶೋಧನಾ ಸಂದರ್ಶನದಲ್ಲಿ ಇದರ ಉಪಯೋಗ ತೋರಿಸಿವೆ. ಕೋಚಿಂಗಿನ ಫಲಿತಾಂಶದ ಪ್ರಶ್ನೆ ಬೇರೆಯೇ. ಎರಡನೆಯದಾಗಿ, ತಟಸ್ಥ ಎಂಬುದು ಪೂರ್ತಿ ತಟಸ್ಥವಲ್ಲ. ಮುಖ್ಯೋಪಾಧ್ಯಾಯಿನಿಯ ಮಾತಿನಲ್ಲಿ ಬಂದ ‘ಮಣ್ಣು’, ‘ಗೋಡೆ’, ‘ನಾನು’ ಎಂಬ ಮೂರರಲ್ಲಿ ಯಾವುದರ ಬಗ್ಗೆ ಮುಂದಿನ ಪ್ರಶ್ನೆ ಎಂದು ಆರಿಸುವವರು ಕೋಚೇ. ಆ ಆಯ್ಕೆಯಲ್ಲೇ ಅಧಿಕಾರವಿದೆ. ಮೇಲಧಿಕಾರಿ ತನ್ನ ಕೈಕೆಳಗಿನವರನ್ನು ಹೀಗೆ ಕೇಳುತ್ತಾ ಹೋದರೆ ಅದು ವಿಚಾರಣೆಯೂ ಆಗಬಹುದು. ಹೇಳುವುದಿಲ್ಲ ಎನ್ನುವ ಹಕ್ಕನ್ನು ಮೊದಲೇ ಸ್ಪಷ್ಟಪಡಿಸದ ಗುಂಪಿನಲ್ಲಿ ರೂಪಕದ ಆಟ ಆಡಿಸಲೇಬಾರದು.

ಇನ್ನೊಂದು ಮಿತಿಯ ವಿಷಯದಲ್ಲಿ ಯಾವ ರಾಜಿಯೂ ಸಲ್ಲದು. ‘ಎಲ್ಲಾ ಮುಗಿಸಿಬಿಡೋಣ ಅನಿಸುತ್ತೆ’ ಎಂದು ಯಾರಾದರೂ ಹೇಳಿದಾಗ, ಆ ಮುಗಿಸುವುದು ಎಂಥದ್ದು ಎಂದು ನಿಧಾನವಾಗಿ ವಿಚಾರಿಸುತ್ತ ಕೂರುವ ಹೊತ್ತಲ್ಲ ಅದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಅಕ್ಕರೆಯಿಂದ ಕೇಳಬೇಕು; ಹಾಗೆ ಕೇಳುವುದರಿಂದ ಆ ಯೋಚನೆ ತಲೆಗೆ ಹೊಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅವರನ್ನು ಒಬ್ಬರನ್ನೇ ಬಿಡದೆ ತಜ್ಞರ ಬಳಿಗೆ ತಲುಪಿಸಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಪ್ರತಿಯೊಬ್ಬ ಸುಗಮಕಾರರ ಬಾಯಲ್ಲಿರಬೇಕು.

ನಾವು ಸೇರಿರುವ ಈ ಸಂಕಿರಣದ ಮುಂದಿನ ಗೋಷ್ಠಿಗಳಲ್ಲಿ ಉಪನ್ಯಾಸಕ್ಕಿಂತ ಅಭ್ಯಾಸಕ್ಕೆ ಹೆಚ್ಚು ಸಮಯ ಸಿಕ್ಕರೆ ಒಳ್ಳೆಯದು. ಮೂವರು ಒಟ್ಟಿಗೆ ಕೂರಲಿ. ಒಬ್ಬರು ತಮ್ಮ ಕೆಲಸದ ಒಂದು ತೊಡಕನ್ನು ಹೇಳಲಿ, ಮತ್ತೊಬ್ಬರು ಹತ್ತು ನಿಮಿಷ ಕೇಳಲಿ. ಮೂರನೆಯವರು ಪ್ರಶ್ನೆಗಳನ್ನು ಯಥಾವತ್ತಾಗಿ ಬರೆದುಕೊಂಡು, ಕೇಳಿದವರು ತಮ್ಮ ಕಡೆಯಿಂದ ಸೇರಿಸಿದ ಒಂದೊಂದು ಪದದ ಕೆಳಗೂ ಗೆರೆ ಎಳೆಯಲಿ. ಆ ಹಾಳೆಗಳನ್ನು ಯಾರ ಹೆಸರೂ ಇಲ್ಲದೆ ಸಂಜೆಯ ಚರ್ಚೆಗೆ ತರಬೇಕೆಂದು ವಿನಂತಿ.