ನೀರಿಗಿಳಿಯುವ ಯಂತ್ರ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನವನಿಗೆ ಸಮುದ್ರದ ತಳದ ಸಮಾಚಾರವೇಕೆಂದು ಗಿರಣಿಯ ಗೆಳೆಯರೊಬ್ಬರು ನಗೆಯಾಡಿದರು. ಕಾರಣವುಂಟು. 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯೊಂದು ಸಂಸಾರ ಸಮೇತ ಕೊಚ್ಚಿಹೋಯಿತು. ಅವರು ನಮ್ಮ ಕಸುಬಿನವರೇ. ಗಂಗಾವಳಿ ಹೊಳೆಯ ಪಾಲಾದ ಲಾರಿ, ಚಾಲಕನ ಶವದೊಡನೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಸೆಳೆತದ ಮುಂದೆ ನೌಕಾದಳದ ಮುಳುಗುಗಾರರೇ ಕೈಕಟ್ಟಿ ನಿಲ್ಲಬೇಕಾಯಿತು. ಮನುಷ್ಯನ ಬದಲು ಇಳಿಯುವ ಯಂತ್ರವಿಲ್ಲವೇ ಎಂದು ಆಗ ಅನ್ನಿಸಿತು.

ಇದೆ, ನಮ್ಮ ಚೆನ್ನೈಯಲ್ಲೇ ಇದೆ. ಪಳ್ಳಿಕರಣೈಯಲ್ಲಿ 1993ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ರೋಸಬ್ ಎಂಬ ದೊಡ್ಡ ಯಂತ್ರವನ್ನು 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5,289 ಮೀಟರ್ ಆಳಕ್ಕೆ ಇಳಿಸಿದರು. ಅವರದೇ ಚಿಕ್ಕ ಯಂತ್ರ 'ಪ್ರೋವ್' 500 ಮೀಟರಿನದು. ಅದು ಅಂಟಾರ್ಕ್ಟಿಕದ ಹಿಮದಡಿಯ ನೀರನ್ನೂ ನೋಡಿ ಬಂದಿದೆ. ಮದ್ರಾಸ್ ಐ.ಐ.ಟಿ.ಯ ಆಶ್ರಯದಲ್ಲಿ 2015ರಲ್ಲಿ ಹುಟ್ಟಿದ ಪ್ಲಾನಿಸ್ ಕಂಪೆನಿಯ ಯಂತ್ರಗಳು ಬಂದರಿನ ಗೋಡೆ, ಸೇತುವೆಯ ಕಂಬ, ಅಣೆಕಟ್ಟುಗಳಲ್ಲಿ ಬಿರುಕು ಹುಡುಕುತ್ತವೆ.

ಅದರ ರಚನೆ ಸರಳ. ನೀರು ಹೋಗದ ಪೆಟ್ಟಿಗೆ, ಅತ್ತಿತ್ತ ತಳ್ಳಲು ಪುಟ್ಟ ಪಂಖಗಳು, ದೀಪ, ಕ್ಯಾಮರಾ. ಹಿಂದೆ ಬಾಲದಂತೆ ಉದ್ದನೆಯ ತಂತಿ. ರೇಡಿಯೋ ಅಲೆ ನೀರಿನಲ್ಲಿ ಹೆಚ್ಚು ದೂರ ಹೋಗದು, ಅದಕ್ಕೇ ತಂತಿ. ದಡದಲ್ಲೋ ದೋಣಿಯಲ್ಲೋ ಕುಳಿತವನು ಪರದೆ ನೋಡುತ್ತ ಅದನ್ನು ನಡೆಸುತ್ತಾನೆ. ಹತ್ತು ಮೀಟರ್ ಇಳಿದಂತೆಲ್ಲ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಹೆಚ್ಚುತ್ತದೆ. ಆಳದಿಂದ ಅವಸರದಲ್ಲಿ ಮೇಲೆ ಬಂದ ಮುಳುಗುಗಾರನ ರಕ್ತದಲ್ಲಿ ಗಾಳಿಯ ಗುಳ್ಳೆಗಳೆದ್ದು ಕೀಲು ಹಿಡಿಯುತ್ತದೆ, ಪ್ರಾಣವೂ ಹೋದೀತು. ಯಂತ್ರಕ್ಕೆ ಆ ಕಾಟವಿಲ್ಲ. 1966ರಲ್ಲಿ ಸ್ಪೇನಿನ ಕರಾವಳಿಯಲ್ಲಿ ಸಮುದ್ರಕ್ಕೆ ಬಿದ್ದ ಅಮೆರಿಕದ ಹೈಡ್ರೋಜನ್ ಬಾಂಬನ್ನು ಮೇಲೆತ್ತಲು ನೆರವಾದದ್ದೂ ಇಂಥದೇ ಯಂತ್ರ.

ಆದರೆ ಅದನ್ನು ದೇವರೆಂದುಕೊಳ್ಳಬೇಡಿ. ಕೆಸರು ನೀರಿನಲ್ಲಿ ಕ್ಯಾಮರಾ ಕುರುಡು. ಆಗ ಸದ್ದು ಬಿಟ್ಟು ಅದರ ಮಾರ್ದನಿಯಿಂದ ತಿಳಿಯುವ ಸೋನಾರ್ ಬೇಕು. ತಂತಿ ಕೊಂಬೆಗೆ ಸುತ್ತಿಕೊಂಡೀತು. ಗಂಗಾವಳಿಯ ಆ ಸೆಳೆತದಲ್ಲಿ ಚಿಕ್ಕ ಯಂತ್ರವೂ ನಿಲ್ಲುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಮುಳುಗುಗಾರನ ಕೂಲಿ ಹೋಗದೇ ಎಂದು ಕೇಳುವಿರಿ. ಹೊಸ ಯಂತ್ರ ಬಂದಾಗ ನೋಟೀಸು ಯಾರ ಕೈಗೆ ಬಂತೆಂಬುದನ್ನು ಗಿರಣಿಯವರು ಬಲ್ಲರು. ಅದಕ್ಕೇ ಹೇಳುತ್ತೇನೆ: ಯಂತ್ರ ಬೇಡವೆನ್ನಬಾರದು, ಅದನ್ನು ನಡೆಸುವ ವಿದ್ಯೆ ಮೊದಲು ಮುಳುಗುಗಾರನಿಗೇ ಕಲಿಸಿರೆನ್ನಬೇಕು. ಯಾವ ಕಲ್ಲಿನ ಸಂದಿಯಲ್ಲಿ ಏನಿರುತ್ತದೆಂಬುದು ಅವನಿಗೆ ತಿಳಿದಷ್ಟು ಬೇರಾರಿಗೆ ತಿಳಿದೀತು?

ನಾನು ಲೋಟ ತೊಳೆಯುತ್ತಿದ್ದ ಒಂದು ಹೋಟೆಲಿನಲ್ಲಿ ನೆಲದಡಿಯ ನೀರಿನ ತೊಟ್ಟಿಯನ್ನು ತೊಳೆಯಲು ನನ್ನನ್ನೇ ಇಳಿಸುತ್ತಿದ್ದರು. ಮೈ ಸಣ್ಣದು, ಬಾಯಿಯಲ್ಲಿ ಹಿಡಿಸುತ್ತದೆಂದು. ಒಮ್ಮೆ ಒಳಗೆ ಉಸಿರು ಕಟ್ಟಿ ಬಿದ್ದೆ. ದೋಸೆ ಹಾಕುತ್ತಿದ್ದ ಭಟ್ಟರು ಕೂದಲು ಹಿಡಿದು ಮೇಲೆಳೆದರು. ಅಂದಿನ ಅರ್ಧ ದಿನದ ಸಂಬಳ ಮುರಿದದ್ದೂ ನೆನಪಿದೆ. ಐದು ಸಾವಿರ ಮೀಟರ್ ಆಳಕ್ಕೆ ಯಂತ್ರ ಇಳಿಸಿದ ಊರಿನಲ್ಲಿ ಎಂಟಡಿಯ ತೊಟ್ಟಿಗೆ ಇಂದಿಗೂ ಹುಡುಗರು ಇಳಿಯುತ್ತಿದ್ದಾರೆಯೇ? ನಿಮ್ಮ ನಿಮ್ಮ ಹೋಟೆಲಿನಲ್ಲಿ ಯಾರು ಇಳಿಯುತ್ತಾರೆ, ವಯಸ್ಸೆಷ್ಟು, ಮೇಲೆ ಹಗ್ಗ ಹಿಡಿಯುವವರುಂಟೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದು ಬರುವ ಭಾನುವಾರದೊಳಗೆ ಕಾರ್ಯದರ್ಶಿಗಳ ಕೈಗೆ ಕೊಡಿ.