ಬಚ್ಚಲಮನೆಯ ಬಾಯ್ಲರಿಗೆ ಕರೆಂಟು ಬಾರದಿದ್ದರೆ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಿತ್ತನೆ, ಗೊಬ್ಬರಗಳ ಮಾತನಾಡಬೇಕಾದ ನಾನು ಇಂದು ಸ್ನಾನದ ನೀರಿನ ಮಾತೆತ್ತಿರುವುದು ತಮಗೆ ವಿಚಿತ್ರವಾಗಿ ಕಾಣಬಹುದು. ಕಾರಣವುಂಟು. ಹಂಡೆ, ಒಲೆ ಇದ್ದ ಎಷ್ಟೋ ಬಚ್ಚಲಮನೆಗಳಲ್ಲಿ ಈಗ ವಿದ್ಯುತ್ ಬಾಯ್ಲರು ಬಂದು ಕುಳಿತಿದೆ. ಹಂಡೆ ಕಾಯದಿದ್ದರೆ ಸೌದೆ ಹಸಿಯೆಂದು ಕಣ್ಣಿಗೇ ತಿಳಿಯುತ್ತಿತ್ತು. ಬಾಯ್ಲರು ಕಾಯದಿದ್ದರೆ ಕಾರಣ ಕಾಣದು. ಕಾಣದೆ ಕೈಹಾಕಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕ್ರಮವಾಗಿ ನೋಡೋಣ.

ಮೊದಲನೆಯದಾಗಿ, ಮನೆಯ ದೀಪ ಉರಿಯುತ್ತಿದೆಯೇ ನೋಡಿರಿ. ಬೀದಿಗೆಲ್ಲಾ ಕತ್ತಲೆಯಾಗಿದ್ದರೆ ತಪ್ಪು ಬಾಯ್ಲರಿನದಲ್ಲ; ೧೯೧೨ಕ್ಕೆ ಫೋನು ಮಾಡಿ ತಿಳಿಸಿರಿ. ಕಂಬ ಹತ್ತುವ ಸಾಹಸ ಯಾರೂ ಮಾಡಬಾರದು. ವೋಲ್ಟೇಜು ಕಡಿಮೆಯಿದ್ದರೂ ನೀರು ಬೇಗ ಕಾಯದು. ೨೩೦ ವೋಲ್ಟಿನ ಬಾಯ್ಲರಿಗೆ ೧೬೦ ವೋಲ್ಟು ಬಂದರೆ ಶಾಖ ಸುಮಾರು ಅರ್ಧಕ್ಕಿಳಿಯುತ್ತದೆ.

ಎರಡನೆಯದಾಗಿ, ಮೀಟರಿನ ಬಳಿಯ ಎಂ.ಸಿ.ಬಿ. ನೋಡಿರಿ. ಅದು ಕೆಳಗೆ ಬಿದ್ದಿದ್ದರೆ ಬಾಯ್ಲರಿನ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಒಂದು ಸಾರಿ ಮಾತ್ರ ಮೇಲೆತ್ತಿರಿ. ಬಾಯ್ಲರು ಇಲ್ಲದಿದ್ದರೂ ಬಿದ್ದರೆ ದೋಷ ತಂತಿಯಲ್ಲಿ ಅಥವಾ ಆ ಸಾಲಿನ ಬೇರೆ ಉಪಕರಣದಲ್ಲಿದೆ. ಬಾಯ್ಲರು ಹಾಕಿದಾಗ ಮಾತ್ರ ಬಿದ್ದರೆ ದೋಷ ಬಾಯ್ಲರಿನಲ್ಲಿರುವುದೇ ಹೆಚ್ಚು. ಮತ್ತೆ ಮತ್ತೆ ಎತ್ತಬೇಡಿರಿ. ಫ್ಯೂಸು ಇರುವ ಮನೆಯವರು ದಪ್ಪ ತಾಮ್ರದ ತಂತಿ ಸುತ್ತಬೇಡಿರಿ. ಆಗ ಫ್ಯೂಸು ಸುಡುವ ಬದಲು ಮನೆಯೇ ಸುಟ್ಟೀತು.

ಮೂರನೆಯದಾಗಿ, ಮೇನ್ ಸ್ವಿಚ್ಚು ಆರಿಸಿ, ಒಣಗೈಯಲ್ಲಿ ಪ್ಲಗ್ಗು ಕಿತ್ತು ನೋಡಿರಿ. ಕಪ್ಪಾಗಿದೆಯೇ? ಸುಟ್ಟ ವಾಸನೆಯುಂಟೇ? ೨೦೦೦ ವ್ಯಾಟಿನ ಬಾಯ್ಲರು ಸುಮಾರು ೯ ಆಂಪಿಯರ್ ಎಳೆಯುತ್ತದೆ. ೬ ಆಂಪಿಯರಿನ ಸಣ್ಣ ಸಾಕೆಟ್ಟು ಇದನ್ನು ತಾಳದೆ ಕರಗುತ್ತದೆ. ೧೬ ಆಂಪಿಯರಿನ ದಪ್ಪ ಮೂರು ಪಿನ್ನಿನದೇ ಬೇಕು.

ಟೆಸ್ಟರು ಹೊತ್ತಿಕೊಂಡಿತು, ಕರೆಂಟು ಸರಿಯಿದೆ ಎಂದು ತಿಳಿಯುವುದೂ ತಪ್ಪು. ಟೆಸ್ಟರು ಹೇಳುವುದು ಫೇಸ್ ಬಂದಿದೆಯೆಂದು ಮಾತ್ರ. ಹಿಂದಿರುಗುವ ನ್ಯೂಟ್ರಲ್ ತಂತಿ ತುಂಡಾಗಿದ್ದರೆ ಟೆಸ್ಟರು ಹೊತ್ತುತ್ತದೆ, ನೀರು ಕಾಯದು.

ಸಾಕೆಟ್ಟಿನವರೆಗೆ ಎಲ್ಲವೂ ಸರಿಯಿದ್ದರೆ ದೋಷ ಒಳಗಿದೆ. ತೊಟ್ಟಿ ಖಾಲಿಯಿದ್ದಾಗ ಹಾಕಿದ್ದರೆ ಕಾಯಿಸುವ ಸುರುಳಿ ಸುಟ್ಟಿರಬಹುದು; ಅತಿಯಾಗಿ ಕಾದು ಒಳಗಿನ ರಕ್ಷಣಾ ಸ್ವಿಚ್ಚು ಕಡಿದುಕೊಂಡಿರಬಹುದು. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಚ್ಚಳ ಬಿಚ್ಚುವುದು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರ ಕೆಲಸ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಬಾಯ್ಲರು ಹಾಕಿದೊಡನೆ ಆರ್.ಸಿ.ಸಿ.ಬಿ. ಎಂಬ ಸೋರಿಕೆ ಸ್ವಿಚ್ಚು ಬೀಳುತ್ತಿತ್ತು. ಸ್ವಿಚ್ಚೇ ಕೆಟ್ಟಿದೆಯೆಂದು, ಡಿಪ್ಲೊಮಾ ಓದಿದ ನಾನೇ ಅದನ್ನು ತಪ್ಪಿಸಿ ನೇರ ತಂತಿ ಕೊಟ್ಟೆ. ನೀರು ಕಾಯಿತು. ಮಾರನೆಯ ಬೆಳಿಗ್ಗೆ ನಲ್ಲಿ ಮುಟ್ಟಿದ ಅಮ್ಮ ಚೀರಿ ಹಿಂದಕ್ಕೆ ಬಿದ್ದಳು. ಕಾಲಲ್ಲಿ ರಬ್ಬರಿನ ಚಪ್ಪಲಿಯಿತ್ತು, ಬದುಕಿದಳು. ಬಿಚ್ಚಿಸಿ ನೋಡಿದರೆ ನಮ್ಮ ಕೊಳವೆಬಾವಿಯ ಗಡಸು ನೀರಿನ ಸುಣ್ಣ ಸುರುಳಿಯ ಮೇಲೆ ಹೆಪ್ಪುಗಟ್ಟಿ, ಅದು ಅತಿಯಾಗಿ ಕಾದು ಬಿರುಕುಬಿಟ್ಟಿತ್ತು. ಕರೆಂಟು ನೀರಿಗೆ ಸೋರುತ್ತಿತ್ತು. ಅರ್ಥಿಂಗಿನ ತಂತಿಯೂ ಕಡಿದುಹೋಗಿತ್ತು. ಸ್ವಿಚ್ಚು ಕೆಟ್ಟಿರಲಿಲ್ಲ. ನಾಲ್ಕು ದಿನದಿಂದ ಅದು ಅಪಾಯವನ್ನು ಹೇಳುತ್ತಲೇ ಇತ್ತು, ನಾನು ಕೇಳಲಿಲ್ಲ.

ಬಂಧುಗಳೇ, ಮನೆಗೆ ೩೦ ಮಿಲಿ ಆಂಪಿಯರಿನ ಸೋರಿಕೆ ಸ್ವಿಚ್ಚು ಹಾಕಿಸಿರಿ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರೆರೆಯಿರಿ. ಸುರುಳಿಯ ಸುಣ್ಣವನ್ನು ವರ್ಷಕ್ಕೊಮ್ಮೆ ತೆಗೆಸಿರಿ. ನೀರು ಕಾದ ಮೇಲೆ ಸ್ವಿಚ್ಚು ಆರಿಸಿಯೇ ಸ್ನಾನಕ್ಕಿಳಿಯಿರಿ.

ಒಂದು ದಿನ ತಣ್ಣೀರು ಮಿಂದರೆ ಚಳಿಯಾದೀತು, ಅಷ್ಟೇ. ಬಿದ್ದ ಸ್ವಿಚ್ಚನ್ನು ಬಲವಂತವಾಗಿ ಎತ್ತಿ ಕಟ್ಟಿದರೆ ಮನೆಯ ದೀಪವೇ ಆರೀತು. ಎಚ್ಚರವಾಗಿರಿ.